ಹಳೆಯ ಟ್ರ್ಯಾಕ್ಟರಿಗೆ ಬದಲಿ ಟ್ರೈಲರ್: ಕೊಳ್ಳುವ ಮುನ್ನ ತೂಗಿ ನೋಡಬೇಕಾದ ಸಂಗತಿಗಳು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಭಾಗಗಳಲ್ಲಿ ಟ್ರ್ಯಾಕ್ಟರ್ ಎಂಬುದು ಕೇವಲ ಉಳುಮೆಯ ಯಂತ್ರವಾಗಿ ಉಳಿದಿಲ್ಲ. ಮಾವಿನ ಸುಗ್ಗಿಯಲ್ಲಿ ತೋಟದಿಂದ ಮಂಡಿಗೆ ಹಣ್ಣು ಸಾಗಿಸುವುದು, ಗೂಡಿನಿಂದ ಕಟ್ಟಡದ ಸ್ಥಳಕ್ಕೆ ಇಟ್ಟಿಗೆ ಒಯ್ಯುವುದು, ಜಲ್ಲಿ, ಮರಳು, ಸೌದೆ, ಮೇವು, ರಾಗಿ, ಬೇಸಿಗೆಯಲ್ಲಿ ನೀರಿನ ಟ್ಯಾಂಕು ಎಳೆಯುವುದು ಮೊದಲಾದ ಹತ್ತಾರು ವ್ಯಾಪಾರಿ ಕೆಲಸಗಳು ಅದರ ಬೆನ್ನಿಗೆ ಬಿದ್ದಿವೆ. ಇವುಗಳಲ್ಲಿ ಯಾವೊಂದನ್ನೂ ಟ್ರ್ಯಾಕ್ಟರ್ ಒಂದೇ ಮಾಡಲಾರದು. ಹೊರೆ ಹೊರುವುದು ಹಿಂದಿನ ಟ್ರೈಲರ್. ಆದರೂ ವ್ಯಾಪಾರಸ್ಥರು ಟ್ರ್ಯಾಕ್ಟರ್ ಕೊಳ್ಳುವಾಗ ತೋರುವ ಎಚ್ಚರಿಕೆಯ ಕಾಲುಭಾಗವನ್ನೂ ಟ್ರೈಲರ್ ವಿಷಯದಲ್ಲಿ ತೋರುವುದಿಲ್ಲ.

ಬಳಸಿದ ಟ್ರ್ಯಾಕ್ಟರಿನ ವ್ಯಾಪಾರದಲ್ಲಂತೂ ಈ ಅಸಡ್ಡೆ ಎದ್ದು ಕಾಣುತ್ತದೆ. ಕೊಳ್ಳುವವನು ಎಂಜಿನ್ನಿನ ಸದ್ದು ಕೇಳುತ್ತಾನೆ, ಹೊಗೆಯ ಬಣ್ಣ ನೋಡುತ್ತಾನೆ, ಮೆಕ್ಯಾನಿಕ್ಕನ್ನು ಕರೆದೊಯ್ಯುತ್ತಾನೆ. ಟ್ರೈಲರ್ ಮಾತ್ರ 'ಜೊತೆಗೆ ಬಂದದ್ದು' ಎಂಬ ಲೆಕ್ಕದಲ್ಲಿ ಅಂಗಳ ಸೇರುತ್ತದೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಅದರ ತಳದ ತಗಡು ತೂತಾಗಿ, ಅಚ್ಚು ಬಾಗಿ, ಬದಲಿ ಹುಡುಕುವ ಪ್ರಸಂಗ ಬರುತ್ತದೆ. ಆಗಲೂ ಕೇಳುವ ಪ್ರಶ್ನೆ ಒಂದೇ: ಎಷ್ಟಕ್ಕೆ ಸಿಗುತ್ತದೆ?

ಹೊರದೇಶಗಳಲ್ಲಿ ಮೀನು ಹಿಡಿಯುವ ಸಣ್ಣ ದೋಣಿಗಳನ್ನು ಮನೆಯಿಂದ ನೀರಿನ ದಡಕ್ಕೆ ಒಯ್ಯಲು ಟ್ರೈಲರ್ ಬಳಸುತ್ತಾರೆ. ಬಳಸಿದ ದೋಣಿ ಕೊಳ್ಳುವವರು ಅಲ್ಲಿಯೂ ಇದೇ ತಪ್ಪು ಮಾಡುವುದುಂಟು. ದೋಣಿಯನ್ನು ಪರೀಕ್ಷಿಸಿ, ತುಕ್ಕು ಹಿಡಿದ ಟ್ರೈಲರನ್ನು ಕಣ್ಣು ಮುಚ್ಚಿ ಎಳೆದು ತರುತ್ತಾರೆ. ಸಂಗಮದ ಕಾವೇರಿಯಲ್ಲಿ ಹರಿಗೋಲು ಹಾಕುವ ನಮ್ಮ ಬೆಸ್ತರಿಗೆ ಈ ತಾಪತ್ರಯವಿಲ್ಲ, ಹರಿಗೋಲು ಹೆಗಲ ಮೇಲೆಯೇ ಹೋಗುತ್ತದೆ. ಆದರೆ ದೋಣಿಯ ಟ್ರೈಲರನ್ನು ಕೆಡಿಸುವ ಒಂದು ದೋಷ ನಮ್ಮ ಟ್ರ್ಯಾಕ್ಟರ್ ಟ್ರೈಲರಿಗೂ ತಪ್ಪಿದ್ದಲ್ಲ. ದೂರ ಓಡಿ ಬಿಸಿಯಾದ ಚಕ್ರದ ಹಬ್ ಒಮ್ಮೆಲೇ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗ್ರೀಸು ಕೆಟ್ಟು ಬೇರಿಂಗ್ ತುಕ್ಕು ಹಿಡಿಯುತ್ತದೆ. ಕೆರೆಯ ಹೂಳು ಹೊರಲು, ಹಳ್ಳ ದಾಟಲು ದುಡಿದ ಟ್ರೈಲರ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಬಣ್ಣ ಬಳಿದಿದ್ದರೂ ಒಳಗೆ ಈ ರೋಗ ಇಟ್ಟುಕೊಂಡಿರುವ ಸಂಭವ ಹೆಚ್ಚು. ಕೊಳ್ಳುವ ಮುನ್ನ ಚಕ್ರವನ್ನು ಜಾಕಿನ ಮೇಲೆತ್ತಿ ಕೈಯಿಂದ ತಿರುಗಿಸಿ, ಅಲುಗಾಡಿಸಿ ನೋಡಲು ಹತ್ತು ನಿಮಿಷ ಸಾಕು.

ಕಾನೂನಿನ ಕಣ್ಣಿನಲ್ಲಿ ಟ್ರೈಲರ್

1988ರ ಮೋಟಾರು ವಾಹನ ಕಾಯ್ದೆಯು 'ಮೋಟಾರು ವಾಹನ' ಎಂಬ ಪದದ ವ್ಯಾಖ್ಯೆಯೊಳಗೆ ಟ್ರೈಲರನ್ನೂ ಸೇರಿಸಿದೆ. ಅದಕ್ಕೆ ಸ್ವಂತ ಎಂಜಿನ್ ಇಲ್ಲದಿರಬಹುದು. ಆದರೆ ಸ್ವಂತ ನೋಂದಣಿ ಸಂಖ್ಯೆ, ಸ್ವಂತ ನೋಂದಣಿ ಪತ್ರ, ಸ್ವಂತ ಚಾಸಿ ಸಂಖ್ಯೆ ಇರಲೇಬೇಕು. ರಾಮನಗರದ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಎ-42 ಸರಣಿಯಲ್ಲಿ ಟ್ರ್ಯಾಕ್ಟರಿಗೆ ಒಂದು ಸಂಖ್ಯೆ, ಟ್ರೈಲರಿಗೆ ಇನ್ನೊಂದು. ಟ್ರ್ಯಾಕ್ಟರಿನ ಸಂಖ್ಯೆಯನ್ನೇ ಟ್ರೈಲರಿನ ಹಿಂಬದಿಗೂ ಬರೆಸಿ ಓಡಿಸುವ ರೂಢಿಗೆ ಕಾನೂನಿನ ಬೆಂಬಲವಿಲ್ಲ.

ಇನ್ನೊಂದು ಭೇದವನ್ನು ವ್ಯಾಪಾರಸ್ಥರು ವಿಶೇಷವಾಗಿ ಗಮನಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು 'ಕೃಷಿ ಟ್ರ್ಯಾಕ್ಟರ್' ಮತ್ತು 'ಕೃಷಿ ಟ್ರೈಲರ್' ಎಂಬ ಪ್ರತ್ಯೇಕ ವರ್ಗಗಳನ್ನು ಮಾಡಿವೆ. ಪ್ರಧಾನವಾಗಿ ಕೃಷಿ ಸಾಮಗ್ರಿಗಳ ಸಾಗಣೆಗೆ ಬಳಕೆಯಾಗುವುದು ಕೃಷಿ ಟ್ರೈಲರಿನ ಲಕ್ಷಣ. ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನವಾಗಿರುವುದರಿಂದ ಅದಕ್ಕೆ ಪರವಾನಗಿ ಮುಂತಾದ ಕಟ್ಟುಪಾಡುಗಳ ಕಾಟ ಕಡಿಮೆ. ಬಾಡಿಗೆಗೆ ಅಥವಾ ವ್ಯಾಪಾರದ ಸರಕಿಗೆ ಬಳಸುವ ಟ್ರ್ಯಾಕ್ಟರ್-ಟ್ರೈಲರ್ ಜೋಡಿಯ ಕಥೆಯೇ ಬೇರೆ. ಕರ್ನಾಟಕದಿಂದಲೇ ಮೇಲ್ಮನವಿಯಾಗಿ ಹೋದ ನಟವರ್ ಪಾರಿಖ್ ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಸರಕು ಸಾಗಿಸುವ ಟ್ರ್ಯಾಕ್ಟರ್-ಟ್ರೈಲರ್ ಜೋಡಿಯನ್ನು 'ಸರಕು ಸಾಗಣೆ ವಾಹನ'ವೆಂದೇ ಪರಿಗಣಿಸಿ, ಪರವಾನಗಿಯ ಅಗತ್ಯವನ್ನು ಎತ್ತಿಹಿಡಿಯಿತು. ಅದು ಭಾರೀ ವಾಹನಗಳನ್ನು ಕುರಿತ ಪ್ರಕರಣವಾಗಿದ್ದರೂ ಅದರ ತರ್ಕ ಸಣ್ಣ ಉದ್ಯಮಿಯ ಬಾಗಿಲಿಗೂ ಬರಬಲ್ಲದು.

ಆದುದರಿಂದ ಬದಲಿ ಟ್ರೈಲರ್ ಕೊಳ್ಳಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಅಳತೆಯನ್ನಲ್ಲ, ಬೆಲೆಯನ್ನೂ ಅಲ್ಲ. ಈ ಟ್ರೈಲರ್ ಯಾರ ಸರಕನ್ನು, ಯಾವ ಸರಕನ್ನು ಹೊರಲಿದೆ ಎಂಬುದನ್ನು. ಸ್ವಂತ ತೋಟದ ಮಾವು, ಸ್ವಂತ ಹೊಲದ ರಾಗಿ ಎಂದರೆ ಒಂದು ದಾರಿ. ಗೂಡಿನ ಇಟ್ಟಿಗೆ, ಅಂಗಡಿಯ ಸಿಮೆಂಟು, ಹತ್ತು ಮಂದಿ ರೈತರಿಂದ ಕೊಂಡ ಕಾಯಿ ಎಂದರೆ ಇನ್ನೊಂದು ದಾರಿ. ಎರಡನೆಯ ದಾರಿ ಖರ್ಚಿನದು ಎಂಬುದು ನಿಜವೇ. ಆ ಖರ್ಚನ್ನು ಉಳಿಸಿದವರು ಅದನ್ನು ಎಲ್ಲಿ ತೆರುತ್ತಾರೆ ಎಂಬುದು ವಿಮೆಯ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ವಿಮೆ: ಗಂಡಾಂತರ ಇರುವುದು ಇಲ್ಲಿಯೇ

ಟ್ರ್ಯಾಕ್ಟರಿಗೆ ವಿಮೆ ಇದೆ, ಆದ್ದರಿಂದ ಅದರ ಹಿಂದೆ ಏನು ಕಟ್ಟಿದರೂ ವಿಮೆಯೊಳಗೇ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು ನಂಬಿಕೆ. ಟ್ರೈಲರನ್ನು ಪಾಲಿಸಿಯಲ್ಲಿ ಹೆಸರಿಸಿ, ಅದರ ನೋಂದಣಿ ಅಥವಾ ಚಾಸಿ ಸಂಖ್ಯೆ ನಮೂದಿಸಿ, ಅದಕ್ಕೆ ಸಲ್ಲುವ ಪ್ರೀಮಿಯಂ ಪ್ರತ್ಯೇಕವಾಗಿ ಕಟ್ಟಿದ್ದರೆ ಮಾತ್ರ ಅದಕ್ಕೆ ರಕ್ಷಣೆ.

ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಎರಡು ಪ್ರಕರಣಗಳು ನಮ್ಮ ಓದುಗರ ದಿನನಿತ್ಯದ ವ್ಯವಹಾರಕ್ಕೆ ತೀರ ಹತ್ತಿರವಾಗಿವೆ. ಮೊದಲನೆಯದು 2004ರಲ್ಲಿ ತೀರ್ಮಾನವಾದದ್ದು. ತರಕಾರಿ ವ್ಯಾಪಾರಿಯೊಬ್ಬರು ತಮ್ಮ ಸರಕಿನೊಡನೆ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಮಾರುಕಟ್ಟೆಗೆ ಹೊರಟಿದ್ದಾಗ ಅಪಘಾತದಲ್ಲಿ ಮೃತಪಟ್ಟರು. ಕೃಷಿಗೆಂದು ಇರುವ ಟ್ರ್ಯಾಕ್ಟರಿಗೆ ಜೋಡಿಸಿದ ಟ್ರೈಲರೂ ಕೃಷಿ ಉದ್ದೇಶಕ್ಕೇ ಬಳಕೆಯಾಗತಕ್ಕದ್ದು, ವ್ಯಾಪಾರಕ್ಕಾಗಿ ತರಕಾರಿ ಸಾಗಿಸುವುದು ಕೃಷಿ ಉದ್ದೇಶವಾಗದು ಎಂದು ನ್ಯಾಯಾಲಯ ಹೇಳಿತು. ವಿಮಾ ಕಂಪನಿ ಹೊಣೆಯಿಂದ ಪಾರಾಯಿತು. ಗಮನಿಸಿ: ತರಕಾರಿ ಹೊಲದಲ್ಲಿ ಬೆಳೆದದ್ದೇ. ಆದರೂ ವ್ಯಾಪಾರಿಯ ಕೈಗೆ ಬಂದ ಮೇಲೆ ಅದು ವ್ಯಾಪಾರದ ಸರಕು. ಮಾವಿನ ಮಂಡಿಯವರು, ರಾಗಿ ಕಾಳಿನ ವ್ಯಾಪಾರಿಗಳು ಈ ಮಾತನ್ನು ಎರಡು ಸಲ ಓದಿಕೊಳ್ಳಬೇಕು.

ಎರಡನೆಯದು 2007ರ ತೀರ್ಪು. ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸುವ ಕೆಲಸದಲ್ಲಿದ್ದ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕೂತಿದ್ದ ಕೂಲಿಯಾಳು ಗಾಯಗೊಂಡ. ಟ್ರ್ಯಾಕ್ಟರಿಗೆ ವಿಮೆ ಇತ್ತು, ಟ್ರಾಲಿಗೆ ಇರಲಿಲ್ಲ, ಕೆಲಸ ಕೃಷಿಯದೂ ಆಗಿರಲಿಲ್ಲ. ವಿಮಾ ಕಂಪನಿಗೆ ಹೊಣೆಯಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಕೂಲಿಯಾಳಿನ ಬಡತನವನ್ನು ನೋಡಿ, ತನ್ನ ವಿಶೇಷಾಧಿಕಾರವನ್ನು ಬಳಸಿ, ಕಂಪನಿಯು ಮೊದಲು ಪರಿಹಾರ ಕೊಟ್ಟು ಅನಂತರ ಆ ಹಣವನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಅವಕಾಶ ನೀಡಿತು. ಗಾಯಾಳುವಿಗೆ ಹಣ ಸಿಕ್ಕಿತು ಎಂಬುದು ಸಮಾಧಾನದ ವಿಷಯ. ಆದರೆ ಕೊನೆಗೆ ಆ ಹಣದ ಹೊರೆ ಬಿದ್ದದ್ದು ಮಾಲೀಕನ ಮೇಲೆ. ಪಾಲುದಾರಿಕೆ ಸಂಸ್ಥೆಯಾದರೆ ಪ್ರತಿಯೊಬ್ಬ ಪಾಲುದಾರನ ವೈಯಕ್ತಿಕ ಆಸ್ತಿಯೂ ಇಂಥ ಹೊಣೆಗೆ ಗುರಿಯಾಗುತ್ತದೆ. ಒಬ್ಬನ ವಾಸದ ಮನೆ ಹರಾಜಿಗೆ ಬರಲು ಒಂದು ಅಪಘಾತ ಸಾಕು. ಟ್ರೈಲರಿನ ವಿಮೆಗೆ ತೆರುವ ಪ್ರೀಮಿಯಂ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಬೇರೆ ವಾದವೇ ಬೇಕಿಲ್ಲ.

ಟ್ರೈಲರಿನಲ್ಲಿ ಜನರನ್ನು ಕೂರಿಸುವ ಪದ್ಧತಿಯ ಬಗ್ಗೆ ಇಲ್ಲಿಯೇ ಒಂದು ಮಾತು. ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಆಸನ ಒಂದೇ, ಅದು ಚಾಲಕನದು. ಟ್ರೈಲರಿನಲ್ಲಿ ಆಸನವೇ ಇಲ್ಲ. ಮಾವು ಕೀಳುವ ಆಳುಗಳು, ಮದುವೆಯ ದಿಬ್ಬಣ, ಜಾತ್ರೆಗೆ ಹೊರಟ ಕುಟುಂಬ, ಯಾರೇ ಕೂತರೂ ವಿಮೆಯ ಲೆಕ್ಕದಲ್ಲಿ ಅವರಿಗೆ ಜಾಗವಿಲ್ಲ. ಹೊರೆ ತುಂಬಿಸುವ, ಇಳಿಸುವ ಆಳುಗಳಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ರಕ್ಷಣೆ ಪಡೆಯುವ ಅವಕಾಶವನ್ನು ವಿಮಾ ಕಂಪನಿಯಲ್ಲಿ ವಿಚಾರಿಸಬೇಕು. ಎಷ್ಟು ಮಂದಿಗೆ, ಯಾವ ಷರತ್ತಿನ ಮೇಲೆ ಎಂಬುದನ್ನು ಏಜೆಂಟರ ಬಾಯಿಮಾತಿನಲ್ಲಿ ಅಲ್ಲ, ಪಾಲಿಸಿಯ ಹಾಳೆಯಲ್ಲಿಯೇ ಓದಿಕೊಳ್ಳಬೇಕು.

ಚಾಲಕನ ಲೈಸೆನ್ಸಿನ ವಿಷಯದಲ್ಲಿ ಮಾತ್ರ ನ್ಯಾಯಾಲಯಗಳು ಮಾಲೀಕರಿಗೆ ಸ್ವಲ್ಪ ನೆಮ್ಮದಿ ಕೊಟ್ಟಿವೆ. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇದ್ದವನು ಟ್ರೈಲರ್ ಜೋಡಿಸಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು 2001ರಲ್ಲಿ, ಕರ್ನಾಟಕದ ಪ್ರಕರಣವೊಂದರಲ್ಲಿಯೇ, ಸರ್ವೋಚ್ಚ ನ್ಯಾಯಾಲಯ ಹೇಳಿತು. ಲಘು ಮೋಟಾರು ವಾಹನದ ಲೈಸೆನ್ಸಿನಲ್ಲಿ 7,500 ಕಿಲೋಗ್ರಾಂವರೆಗಿನ ಸಾರಿಗೆ ವಾಹನ ಓಡಿಸಬಹುದೆಂಬ ನಿಲುವನ್ನು 2024ರ ನವೆಂಬರಿನಲ್ಲಿ ಸಂವಿಧಾನ ಪೀಠವೂ ಎತ್ತಿಹಿಡಿದಿದೆ. ಲೈಸೆನ್ಸೇ ಇಲ್ಲದ ಹುಡುಗನ ಕೈಗೆ ಸ್ಟಿಯರಿಂಗ್ ಕೊಟ್ಟವರಿಗೆ ಇವೆರಡೂ ತೀರ್ಪುಗಳು ನೆರವಾಗುವುದಿಲ್ಲ.

ತೂಕದ ಸೇತುವೆಯ ಮೇಲೆ ಹತ್ತು ನಿಮಿಷ

ಬಳಸಿದ ಟ್ರೈಲರ್ ಕೊಳ್ಳುವವರಿಗೆ ಅತ್ಯಂತ ಅಗ್ಗದ, ಆದರೆ ಅತ್ಯಂತ ಕಡಿಮೆ ಬಳಕೆಯಲ್ಲಿರುವ ಪರೀಕ್ಷೆಯೆಂದರೆ ಖಾಲಿ ಟ್ರೈಲರನ್ನು ತೂಕದ ಸೇತುವೆಯ ಮೇಲೆ ನಿಲ್ಲಿಸಿ ತೂಗಿಸುವುದು. ನೋಂದಣಿ ಪತ್ರದಲ್ಲಿ ಎರಡು ತೂಕಗಳು ನಮೂದಾಗಿರುತ್ತವೆ: ಖಾಲಿ ತೂಕ ಮತ್ತು ಹೊರೆ ಸಹಿತವಾದ ಒಟ್ಟು ತೂಕ. ಇವೆರಡರ ನಡುವಿನ ಅಂತರವೇ ಕಾನೂನು ಒಪ್ಪುವ ಹೊರೆ.

ಪತ್ರದಲ್ಲಿ ಖಾಲಿ ತೂಕ 1,200 ಕಿಲೋ, ಒಟ್ಟು ತೂಕ 4,200 ಕಿಲೋ ಎಂದು ಇದೆ ಎಂದುಕೊಳ್ಳೋಣ. ಹೊರೆಯ ಮಿತಿ 3,000 ಕಿಲೋ. ತೂಗಿ ನೋಡಿದಾಗ ಖಾಲಿ ಟ್ರೈಲರೇ 1,600 ಕಿಲೋ ಬಂದರೆ ಕೊಳ್ಳುವವರಿಗೆ ಎರಡು ಸಂಗತಿ ತಿಳಿಯುತ್ತವೆ. ಯಾರೋ ಪಕ್ಕದ ಗೋಡೆ ಎತ್ತರಿಸಿ, ಅಡಿಗೆ ಹೆಚ್ಚಿನ ಚಾನಲ್ ಬೆಸೆದು ಮಾರ್ಪಾಡು ಮಾಡಿದ್ದಾರೆ. ಅನುಮತಿಯಿಲ್ಲದ ಮಾರ್ಪಾಡು ಕಾಯ್ದೆಗೆ ವಿರುದ್ಧ. ಜೊತೆಗೆ ನ್ಯಾಯಬದ್ಧ ಹೊರೆ 2,600 ಕಿಲೋಗೆ ಇಳಿದಿದೆ. ಗೋಡೆ ಎತ್ತರವಾದ ಟ್ರೈಲರ್ ನೋಡಲು ದೊಡ್ಡದು, ಹೊರಲು ಸಣ್ಣದು. ಎತ್ತರಿಸಿದವನು ಹೆಚ್ಚು ತುಂಬಲೆಂದೇ ಎತ್ತರಿಸಿರುತ್ತಾನೆ, ಆದ್ದರಿಂದ ಅಚ್ಚು, ಪಟ್ಟಿ ಸ್ಪ್ರಿಂಗು, ಕೊಂಡಿ ಮೂರೂ ಮಿತಿಮೀರಿ ದುಡಿದಿವೆ ಎಂದು ಭಾವಿಸುವುದೇ ವಿವೇಕ. 2019ರ ತಿದ್ದುಪಡಿಯ ತರುವಾಯ ಮಿತಿಮೀರಿದ ಹೊರೆಗೆ ಕಾಯ್ದೆ ವಿಧಿಸಿರುವ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ.

ತೂಕದ ಚೀಟಿಗೆ ಇನ್ನೊಂದು ಉಪಯೋಗವೂ ಇದೆ. ಹಳೆಯ ಟ್ರೈಲರಿನ ಬೆಲೆಯಲ್ಲಿ ಮೂರು ಭಾಗಗಳಿರುತ್ತವೆ: ಕಬ್ಬಿಣದ ಗುಜರಿ ಬೆಲೆ, ಟೈರುಗಳಲ್ಲಿ ಉಳಿದ ಸವೆತದ ಬೆಲೆ, ಮತ್ತು ಸರಿಯಾದ ಕಾಗದಪತ್ರಗಳ ಬೆಲೆ. ಮೊದಲನೆಯದನ್ನು ಚೀಟಿ ನೋಡಿ ಕೂಡಲೇ ಲೆಕ್ಕ ಹಾಕಬಹುದು. ಕಾಗದಪತ್ರಗಳಿಲ್ಲದ ಟ್ರೈಲರ್ ವ್ಯಾಪಾರಸ್ಥನಿಗೆ ಗುಜರಿ ಮತ್ತು ಟೈರುಗಳಷ್ಟೇ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡುವುದಕ್ಕೂ ಕಾರಣವಿಲ್ಲ.

ಎಳೆಯುವ ಯಂತ್ರಕ್ಕೆ ತಕ್ಕ ಹೊರೆ

ಟ್ರ್ಯಾಕ್ಟರ್ ಹಳೆಯದು ಎಂಬುದನ್ನು ಮರೆತು ಟ್ರೈಲರ್ ಆರಿಸಬಾರದು. ಅಶ್ವಶಕ್ತಿಯ ಸಂಖ್ಯೆ ಎಳೆಯುವ ಸಾಮರ್ಥ್ಯವನ್ನು ಹೇಳೀತು, ನಿಲ್ಲಿಸುವ ಸಾಮರ್ಥ್ಯವನ್ನು ಹೇಳದು. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಎರಡು ಟನ್ನಿನ ಆಸುಪಾಸಿನ ಟ್ರ್ಯಾಕ್ಟರಿನ ಬೆನ್ನಿಗೆ ಐದು ಟನ್ನಿನ ಹೊರೆ ಇಳಿಜಾರಿನಲ್ಲಿ ತಳ್ಳುತ್ತಾ ಬಂದಾಗ ಬ್ರೇಕು ಹಿಡಿದರೂ ಜೋಡಿ ಮಡಚಿಕೊಳ್ಳುತ್ತದೆ. ಕನಕಪುರದಿಂದ ಸಂಗಮದತ್ತ ಇಳಿಯುವ ರಸ್ತೆ, ಸಾವನದುರ್ಗದ ಸುತ್ತಲಿನ ಮಾಗಡಿಯ ಏರಿಳಿತಗಳು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹೊಲದಲ್ಲಿ ತಿರುಗಲೆಂದು ಬಿಡಿಬಿಡಿಯಾಗಿ ಬಳಸುವ ಎಡ-ಬಲ ಬ್ರೇಕು ಪೆಡಲುಗಳನ್ನು ರಸ್ತೆಯಲ್ಲಿ ಕೊಂಡಿ ಹಾಕಿ ಒಂದಾಗಿಸಬೇಕೆಂಬುದನ್ನೂ ಅನೇಕ ಚಾಲಕರು ಪಾಲಿಸುವುದಿಲ್ಲ. ಬದಲಿ ಟ್ರೈಲರಿಗೆ ಸ್ವಂತ ಬ್ರೇಕು ಇದೆಯೇ, ಇದ್ದರೆ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಟೈರು ನೋಡುವುದಕ್ಕಿಂತ ಮೊದಲಿನ ಕೆಲಸ.

ಎರಡು ಚಕ್ರದ ಟ್ರೈಲರಿನಲ್ಲಿ ಹೊರೆಯ ಒಂದು ಪಾಲು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಕೂರುತ್ತದೆ. ಇದರಿಂದ ಹಿಂದಿನ ಚಕ್ರಗಳಿಗೆ ಹಿಡಿತ ಹೆಚ್ಚುತ್ತದೆ, ಕಿರಿದಾದ ಹೊಲದ ದಾರಿಯಲ್ಲಿ ಹಿಂದಕ್ಕೆ ತಳ್ಳುವುದೂ ಸುಲಭ. ಆದರೆ ಹೊರೆ ಮುಂದಕ್ಕೆ ಹೆಚ್ಚಾಗಿ ತುಂಬಿ ಏರು ಹತ್ತಿದರೆ ಟ್ರ್ಯಾಕ್ಟರಿನ ಮುಂಗಾಲಿ ಎದ್ದುಬಿಡುತ್ತದೆ. ನಾಲ್ಕು ಚಕ್ರದ ಟ್ರೈಲರ್ ತನ್ನ ಹೊರೆಯನ್ನು ತಾನೇ ಹೊರುತ್ತದೆ, ಇಟ್ಟಿಗೆ ಜಲ್ಲಿಗಳಂಥ ಭಾರದ ಸರಕಿಗೆ ಒಪ್ಪುತ್ತದೆ. ಹಿಂದಕ್ಕೆ ತಳ್ಳಲು ಮಾತ್ರ ಪಳಗಿದ ಕೈ ಬೇಕು, ಬೇರಿಂಗು, ಟೈರುಗಳ ಖರ್ಚೂ ಇಮ್ಮಡಿ. ಹೈಡ್ರಾಲಿಕ್ ಎತ್ತುಗದ ಟ್ರೈಲರ್ ಜಲ್ಲಿ, ಮಣ್ಣು ಸುರಿಯುವವರಿಗೆ ಆಳಿನ ಕೂಲಿ ಉಳಿಸುತ್ತದೆ. ಆದರೆ ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪು ಆ ಒತ್ತಡ ತಾಳುತ್ತದೆಯೇ ಎಂದು ಹೊರೆ ಹೇರಿ ಪರೀಕ್ಷಿಸದೆ ಅದಕ್ಕೆ ಹಣ ಹಾಕಬಾರದು.

ದಾರಿಯ ವಿಷಯವೂ ಆಯ್ಕೆಯನ್ನು ತಟ್ಟುತ್ತದೆ. ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜೊತೆಗೆ ಟ್ರ್ಯಾಕ್ಟರುಗಳನ್ನೂ, ಟ್ರೈಲರ್ ಇರಲಿ ಇಲ್ಲದಿರಲಿ, ನಿಷೇಧಿಸಲಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳ ನಡುವೆ ಟ್ರ್ಯಾಕ್ಟರ್ ಸಾಗಬೇಕಾದರೆ ಸರ್ವೀಸ್ ರಸ್ತೆ ಅಥವಾ ಊರೊಳಗಿನ ಹಳೆಯ ರಸ್ತೆಯೇ ಗತಿ. ಸುತ್ತು, ಉಬ್ಬು, ತಿರುವು, ಸಂಜೆಯ ಜನಜಂಗುಳಿ ಎಲ್ಲವನ್ನೂ ಹಾದು ಹೋಗಬೇಕಾದ ವಾಹನದ ಹಿಂಬದಿಯಲ್ಲಿ ಕೆಂಪು ದೀಪ, ಪ್ರತಿಫಲಕ ಪಟ್ಟಿ ಇಲ್ಲದಿದ್ದರೆ ಬೈಕಿನವರು ಕತ್ತಲಲ್ಲಿ ಬಂದು ಗುದ್ದುವುದು ಅಪರೂಪವಲ್ಲ. ಟ್ರ್ಯಾಕ್ಟರ್ ಕಳಚಿಕೊಂಡು ಹೋಗಿ ರಸ್ತೆಯ ಅಂಚಿನಲ್ಲಿ ಬಿಟ್ಟ ಟ್ರೈಲರ್ ಕೂಡ ಕಾನೂನಿನಲ್ಲಿ ವಾಹನವೇ ಎಂಬುದನ್ನು ನೆನಪಿಡಬೇಕು. ದಿನವೂ ಇಪ್ಪತ್ತು ಮೂವತ್ತು ಕಿಲೋಮೀಟರ್ ಸಾಗಿಸಬೇಕಾದ ವ್ಯಾಪಾರವಾದರೆ, ಬದಲಿ ಟ್ರೈಲರಿನ ಬದಲು ಸಣ್ಣ ಸರಕು ವಾಹನವೇ ಲೇಸಲ್ಲವೇ ಎಂದು ಲೆಕ್ಕ ಹಾಕುವ ಕಾಲ ಬಂದಿದೆ.

ಹೊಸದೋ ಹಳೆಯದೋ: ವರ್ಷದ ಲೆಕ್ಕ

ಕೊಂಡ ಬೆಲೆಯನ್ನೇ ವೆಚ್ಚವೆಂದು ಭಾವಿಸುವುದು ವ್ಯಾಪಾರಸ್ಥರ ಹಳೆಯ ಅಭ್ಯಾಸ. ಮುಂದಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು. ಹಳೆಯ ಟ್ರೈಲರ್ 80,000 ರೂಪಾಯಿಗೆ ಸಿಕ್ಕಿತು. ಟೈರು, ಬೇರಿಂಗು, ತಳದ ತಗಡಿಗೆ 60,000, ವರ್ಗಾವಣೆ ಮತ್ತಿತರ ಖರ್ಚಿಗೆ 5,000 ಸೇರಿ 1,45,000 ಆಯಿತು. ಐದು ವರ್ಷ ಬಾಳಿದರೆ ವರ್ಷಕ್ಕೆ 29,000. ಹೊಸದು ಎಲ್ಲ ಖರ್ಚು ಸೇರಿ 2,20,000 ಆಗಿ ಹನ್ನೆರಡು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು 18,300. ಬಡ್ಡಿಯನ್ನು ಸೇರಿಸಿದಾಗ ಅಂತರ ಕಡಿಮೆಯಾಗುತ್ತದೆ, ಆದರೆ ದಿನವೂ ದುಡಿಯುವ ಟ್ರೈಲರಿನ ವಿಷಯದಲ್ಲಿ ಬಹುಮಟ್ಟಿಗೆ ಹೊಸದೇ ಮುಂದಿರುತ್ತದೆ. ಮಾವಿನ ಸುಗ್ಗಿಯ ಅರವತ್ತು ದಿನ ಮಾತ್ರ ಕೆಲಸವಿರುವವರ ಲೆಕ್ಕ ಬೇರೆ. ಅವರಿಗೆ ಹೊಸ ಟ್ರೈಲರ್ ದಿನಕ್ಕೆ 305 ರೂಪಾಯಿ ಬೀಳುತ್ತದೆ. ವಿಮೆ, ರಿಪೇರಿ ಸೇರಿದರೆ ಇನ್ನೂ ಹೆಚ್ಚು. ಊರಿನಲ್ಲಿ ಅದಕ್ಕೂ ಕಡಿಮೆ ಬಾಡಿಗೆಗೆ, ಸರಿಯಾದ ಕಾಗದಪತ್ರವಿರುವ ಟ್ರೈಲರ್ ಸಿಗುವುದಾದರೆ ಕೊಳ್ಳುವ ಯೋಚನೆಯನ್ನೇ ಬಿಡಬಹುದು.

ತೆರಿಗೆಯ ಬಿಲ್ಲಿನಲ್ಲಿ ಅಡಗಿರುವ ಮಾತು

ಸರಕು ಮತ್ತು ಸೇವಾ ತೆರಿಗೆಯಲ್ಲಿ ಟ್ರೈಲರುಗಳದು 8716ನೇ ಶೀರ್ಷಿಕೆ. ಕೃಷಿ ಉದ್ದೇಶದ, ತಾನೇ ತುಂಬಿಕೊಳ್ಳುವ ಅಥವಾ ತಾನೇ ಸುರಿಯುವ ಟ್ರೈಲರಿಗೆ ಶೇಕಡಾ 12 ಇದ್ದ ದರವು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿಯಿತು. ಉಳಿದ ಸರಕು ಟ್ರೈಲರುಗಳಿಗೆ ಶೇಕಡಾ 18. ಎರಡು ಲಕ್ಷದ ಟ್ರೈಲರಿಗೆ ಒಂದರಲ್ಲಿ 10,000, ಇನ್ನೊಂದರಲ್ಲಿ 36,000 ತೆರಿಗೆ. ಮಾರುವವನು 'ಕೃಷಿ' ಎಂದು ಬರೆದು ಕಡಿಮೆ ದರದ ಬಿಲ್ಲು ಕೊಟ್ಟರೆ ಕೊಳ್ಳುವವನು ಹಿಗ್ಗುವುದು ಸಹಜ.

ಇಲ್ಲಿ ನಿಧಾನಿಸಬೇಕು. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾಗಿ ತೆರಿಗೆ ತೆರುವ ಮಾರಾಟವನ್ನು ಮಾಡುವ ವ್ಯಾಪಾರಿಗೆ ಸರಕು ಸಾಗಣೆಯ ಟ್ರೈಲರಿನ ಮೇಲೆ ತೆತ್ತ ತೆರಿಗೆ ಹೂಡುವಳಿ ಜಮೆಯಾಗಿ ಹಿಂದಿರುಗುತ್ತದೆ. ಶೇಕಡಾ 5 ಆಗಲಿ 18 ಆಗಲಿ ಅವರಿಗೆ ನಿವ್ವಳ ವೆಚ್ಚ ಒಂದೇ. ಹೀಗಿರುವಾಗ 26,000 ಉಳಿಸಿದೆನೆಂಬ ಭ್ರಮೆಯಲ್ಲಿ, ತನ್ನ ವ್ಯಾಪಾರದ ಟ್ರೈಲರ್ ಕೃಷಿಯದೆಂದು ಹೇಳುವ ದಾಖಲೆಯೊಂದನ್ನು ತಾನೇ ಕಡತದಲ್ಲಿ ಇಟ್ಟುಕೊಂಡಂತಾಗುತ್ತದೆ. ನಾಳೆ ವಿಮಾ ಕಂಪನಿಯ ವಕೀಲರು ಮೊದಲು ಕೇಳುವುದೇ ಆ ಬಿಲ್ಲನ್ನು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆ ಸಿಗದು, ಅವರಿಗೆ ದರದ ವ್ಯತ್ಯಾಸ ನಿಜವಾದ ಖರ್ಚೇ. ಆದರೂ ಬಳಕೆಗೆ ಒಪ್ಪದ ವರ್ಣನೆಯನ್ನು ಬಿಲ್ಲಿನಲ್ಲಿ ಬರೆಸುವುದು ಸಲ್ಲ. ಜಮೆ ಪಡೆದ ತೆರಿಗೆಯ ಮೊತ್ತವನ್ನು ಟ್ರೈಲರಿನ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಎರಡರಲ್ಲಿ ಒಂದು ಮಾತ್ರ.

ಆದಾಯ ತೆರಿಗೆಯ ಮಟ್ಟಿಗೆ ಎರಡು ವಿಷಯ ಸಾಕು. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗೂ ಮೀರಿ ನಗದಾಗಿ ಕೊಟ್ಟು ಕೊಂಡ ಆಸ್ತಿಯಲ್ಲಿ ಆ ನಗದಿನ ಮೊತ್ತ ಆಸ್ತಿಯ ವೆಚ್ಚವೆಂದು ಲೆಕ್ಕಕ್ಕೆ ಬರುವುದಿಲ್ಲ, ಅದರ ಮೇಲೆ ಸವಕಳಿಯೂ ಇಲ್ಲ. ಹಳೆಯ ಟ್ರೈಲರುಗಳ ವ್ಯಾಪಾರ ಬಹುತೇಕ ನಗದಿನಲ್ಲೇ ನಡೆಯುವುದರಿಂದ ಈ ನಿಯಮಕ್ಕೆ ಬಲಿಯಾಗುವವರು ಹೆಚ್ಚು. ಬ್ಯಾಂಕಿನ ಮೂಲಕವೇ ಪಾವತಿ ಮಾಡಬೇಕು. ಇನ್ನು, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಆಸ್ತಿಗೆ ಆ ವರ್ಷ ಅರ್ಧ ಸವಕಳಿ ಮಾತ್ರ. ಅಕ್ಟೋಬರಿನ ಮೊದಲ ಎರಡು ಮೂರು ದಿನಗಳೊಳಗೆ ಬಳಕೆಗೆ ಇಳಿಸಿದವರಿಗೆ ಪೂರ್ತಿ ದರ ದೊರೆಯುತ್ತದೆ.

ಕಾಗದಪತ್ರ ಕೈಗೆ ಬಂದ ಮೇಲೆಯೇ ಪೂರ್ತಿ ಹಣ

ಹೊಸ ಟ್ರೈಲರಾದರೆ ಮಾರಾಟ ಪ್ರಮಾಣಪತ್ರವಾದ ನಮೂನೆ 21, ರಸ್ತೆಗೆ ಯೋಗ್ಯವೆಂಬ ನಮೂನೆ 22 ಇವೆರಡೂ ಬೇಕು. ಊರಿನ ವೆಲ್ಡಿಂಗ್ ಕಾರ್ಖಾನೆಗಳಲ್ಲಿ ಗಟ್ಟಿಮುಟ್ಟಾದ ಟ್ರೈಲರುಗಳು ತಯಾರಾಗುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ನೋಂದಣಿಗೆ ಒಪ್ಪಿತವಾಗುತ್ತವೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಹಳೆಯದಾದರೆ ನಮೂನೆ 29 ಮತ್ತು 30ರ ಮೂಲಕ ಹೆಸರು ವರ್ಗಾವಣೆ. ಸಾಲವಿದ್ದಲ್ಲಿ ಸಾಲ ತೀರಿದ್ದಕ್ಕೆ ನಮೂನೆ 35. ಟ್ರ್ಯಾಕ್ಟರ್ ಸಾಲ ತೀರಿತೆಂದು ಬ್ಯಾಂಕು ಕೊಟ್ಟ ಪತ್ರದಲ್ಲಿ ಟ್ರೈಲರಿನ ಸಂಖ್ಯೆಯೂ ಇದೆಯೇ ಎಂದು ನೋಡಬೇಕು, ಏಕೆಂದರೆ ಎರಡಕ್ಕೂ ಸೇರಿ ಸಾಲ ಪಡೆದು ಒಂದರ ಮೇಲಿನ ನಮೂದನ್ನು ಮಾತ್ರ ತೆಗೆಸಿರುವುದುಂಟು. ಚಾಸಿ ಸಂಖ್ಯೆಯನ್ನು ಪತ್ರದಲ್ಲಿ ಓದಿದರೆ ಸಾಲದು. ಕಬ್ಬಿಣದ ಮೇಲಿನ ಬಣ್ಣ ಉಜ್ಜಿ, ಕೊರೆದ ಅಂಕಿಗಳನ್ನು ಕಣ್ಣಾರೆ ನೋಡಬೇಕು.

ಬದಲಿ ಬಂದ ಮೇಲೆ ಅಂಗಳದಲ್ಲಿ ಉಳಿಯುವ ಹಳೆಯ ಟ್ರೈಲರಿನ ಗತಿಯನ್ನೂ ಅದೇ ವಾರ ತೀರಿಸಬೇಕು. ಮಾರಿದರೆ 14 ದಿನಗಳೊಳಗೆ ವರ್ಗಾವಣೆಯನ್ನು ವರದಿ ಮಾಡುವುದು ಮಾರಿದವರ ಹೊಣೆ. ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು, ವಾಹನ ಕೈಬದಲಾಗಿದ್ದರೂ ಪರಿಹಾರದ ಹೊಣೆ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಗುಜರಿಗೆ ಹಾಕುವುದಾದರೆ ಸಂಖ್ಯೆಯ ಫಲಕ ಕಿತ್ತಿಟ್ಟುಕೊಂಡು, ನೋಂದಣಿ ರದ್ದತಿಗಾಗಿ 14 ದಿನಗಳೊಳಗೆ ನೋಂದಣಿ ಪತ್ರ ಸಹಿತ ಸಾರಿಗೆ ಕಚೇರಿಗೆ ತಿಳಿಸಬೇಕು. ಗುಜರಿಯವನಿಂದ ಬಂದ ಹಣವನ್ನು ಲೆಕ್ಕಪುಸ್ತಕದಲ್ಲಿ ಇತರ ಆದಾಯವೆಂದು ಬರೆಯುವ ವಾಡಿಕೆಯಿದೆ. ಅದು ಸರಿಯಲ್ಲ, ಸಂಬಂಧಪಟ್ಟ ಆಸ್ತಿ ಸಮೂಹದ ಮೌಲ್ಯದಿಂದ ಕಳೆಯತಕ್ಕದ್ದು. ಹೊಸ ಟ್ರೈಲರಿನ ಸಂಖ್ಯೆ ಪಾಲಿಸಿಯಲ್ಲಿ ಸೇರ್ಪಡೆಯಾದ ಪತ್ರ ಕೈಗೆ ಬರುವವರೆಗೆ ಅದನ್ನು ಕೊಟ್ಟಿಗೆಯಿಂದ ರಸ್ತೆಗೆ ಇಳಿಸಬಾರದು.